ನೀರ ಮೇಲೆ ಕೂರುವ ನೊಣ: ಟ್ರೌಟ್ ಮೀನಿಗೆ ಡ್ರೈ ಫ್ಲೈ ಕಟ್ಟುವುದು, ಶಿರಸಿಯ ಜಗಲಿಯಲ್ಲಿ ಕೂತು

ನನ್ನ ಡಬ್ಬಿಯಲ್ಲಿರುವ ಒಳ್ಳೆಯ ನೊಣಗಳ ರೆಕ್ಕೆಯೆಲ್ಲ ತದಡಿ ಬಂದರಿನಲ್ಲಿ ಸಿಕ್ಕ ಹಳೇ ಹಗ್ಗದ್ದು. ಕುತ್ತಿಗೆಯ ಗರಿ ನಮ್ಮೂರ ಹುಂಜದ್ದು. ಮೈಗೆ ಸುತ್ತಿರುವುದು ಹರಿದ ಸ್ವೆಟರಿನ ಬೂದು ನೂಲು. ಮಳೆಗಾಲ ಪೂರ್ತಿ ಜಗಲಿಯಲ್ಲಿ ಕೂತು ಇವನ್ನು ಕಟ್ಟುತ್ತೇನೆ. ಏಪ್ರಿಲ್ ಬಂದಾಗ ಹುಬ್ಬಳ್ಳಿಯಿಂದ ರೈಲು ಹತ್ತಿ, ಹಿಮಾಚಲದ ತೀರ್ಥನ್ ನದಿಗೆ ಒಯ್ಯುತ್ತೇನೆ. ಅಲ್ಲಿನ ಟ್ರೌಟ್ ಮೀನು ಅಘನಾಶಿನಿ ದಡದ ಹಗ್ಗದ ಎಳೆಯನ್ನು ಹುಳುವಿನ ರೆಕ್ಕೆ ಎಂದು ನಂಬಿ ಮೇಲೆ ಬರುತ್ತದೆ. ಆ ಕ್ಷಣಕ್ಕಾಗಿ ಮೂರು ದಿನ ಪ್ರಯಾಣ ಮಾಡಿದರೂ ನನಗೆ ಬೇಸರವಿಲ್ಲ.

ಶಿರಸಿ, ಸಿದ್ದಾಪುರ, ಕಾರವಾರದ ಕಡೆಯ ಕೆಲವು ಹುಡುಗರು ಇದನ್ನು ಕಲಿಸಿಕೊಡಿ ಎಂದು ಕೇಳುತ್ತಲೇ ಇದ್ದಾರೆ. ಅವರಿಗಾಗಿ ಪೂರ್ತಿ ವಿವರ ಬರೆಯುತ್ತಿದ್ದೇನೆ. ಗಾಳ ಹಾಕಿ ಅಭ್ಯಾಸವಿದ್ದವರಿಗೂ ಇದು ಬೇರೆಯೇ ಕೆಲಸ. ಎರೆಹುಳು ಇಲ್ಲ, ಭಾರದ ಗುಂಡು ಇಲ್ಲ. ನೂಲು, ಗರಿಯಲ್ಲಿ ಕಟ್ಟಿದ ಹುಳು ನೀರಿನ ಮೇಲೆ ತೇಲಬೇಕು. ತೇಲುವ ನೊಣವಾದ್ದರಿಂದಲೇ ಅದಕ್ಕೆ ಡ್ರೈ ಫ್ಲೈ ಎಂದು ಹೆಸರು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಟ್ರೌಟ್ ನಮ್ಮ ಜಿಲ್ಲೆಯ ಹೊಳೆಗಳಲ್ಲಿ ಇಲ್ಲ, ಇರಲೂ ಸಾಧ್ಯವಿಲ್ಲ. ಅದಕ್ಕೆ 10ರಿಂದ 16 ಡಿಗ್ರಿ ತಣ್ಣನೆಯ ನೀರು ಹಿತ. 20 ಡಿಗ್ರಿ ದಾಟಿದರೆ ಕಷ್ಟಪಡುತ್ತದೆ. ಬ್ರಿಟಿಷರು ಮೊಟ್ಟೆ ತರಿಸಿ ಬೆಳೆಸಿದ ಮೀನು ಇದು. ಕಾಶ್ಮೀರದಲ್ಲಿ 1900ರಲ್ಲಿ ನೆಲೆ ಕಂಡಿತು, ಅಲ್ಲಿಂದ 1909ರಲ್ಲಿ ಕುಲುವಿಗೆ ಹೋಯಿತು. ನಮಗೆ ಹತ್ತಿರ ಎಂದರೆ ನೀಲಗಿರಿ ಮತ್ತು ಮುನ್ನಾರ್. ಅಲ್ಲಿರುವುದು ರೇನ್‌ಬೋ ಟ್ರೌಟ್. ತೀರ್ಥನ್‌ನಲ್ಲಿ ಮುಖ್ಯವಾಗಿ ಬ್ರೌನ್ ಟ್ರೌಟ್, ಮೈಮೇಲೆ ಕೆಂಪು ಚುಕ್ಕೆ ಇರುವುದು.

ಮೀನು ಏನನ್ನು ನೋಡುತ್ತದೆ

ಕಟ್ಟಲು ಕೂರುವ ಮೊದಲು ಅಡುಗೆಮನೆಯಿಂದ ಒಂದು ಗಾಜಿನ ಬೋಗುಣಿ ತನ್ನಿ. ಮುಕ್ಕಾಲು ನೀರು ತುಂಬಿ, ಕಣ್ಣಿಗಿಂತ ಸ್ವಲ್ಪ ಎತ್ತರಕ್ಕೆ ಹಿಡಿದು, ಪಕ್ಕದ ಗಾಜಿನ ಮೂಲಕ ನೀರಿನ ಮೇಲ್ಮೈಯನ್ನು ಕೆಳಗಿನಿಂದ ನೋಡಿ. ಅದು ಕನ್ನಡಿಯ ಹಾಗೆ ಹೊಳೆಯುತ್ತದೆ, ಆಚೆಗಿನದು ಕಾಣುವುದಿಲ್ಲ. ಈಗ ಮನೆಯವರೊಬ್ಬರಿಗೆ ಹೇಳಿ ಒಂದು ಸತ್ತ ಸೊಳ್ಳೆಯನ್ನು ಮೆಲ್ಲಗೆ ನೀರಿನ ಮೇಲೆ ಇಡಿಸಿ. ಸೊಳ್ಳೆ ಕಾಣುವುದಿಲ್ಲ. ಅದರ ಕಾಲು ನೀರನ್ನು ಒತ್ತಿದ ಜಾಗದಲ್ಲಿ ಸಣ್ಣ ಸಣ್ಣ ಹೊಳೆಯುವ ಕುಳಿಗಳು ಕಾಣುತ್ತವೆ.

ಮೀನು ನೋಡುವುದೂ ಹೀಗೆಯೇ. ಅದರ ತಲೆಯ ಮೇಲೆ ಮಾತ್ರ ದುಂಡಗಿನ ಒಂದು ಕಿಟಕಿ ಇರುತ್ತದೆ. ಹೊರಗಿನ ಬೆಳಕು ನೀರಿನೊಳಗೆ ಬಾಗುವುದರಿಂದ ಹೀಗಾಗುತ್ತದೆ. ಒಂದು ಅಡಿ ಆಳದಲ್ಲಿರುವ ಮೀನಿಗೆ ಕಿಟಕಿಯ ಅಗಲ ಸುಮಾರು ಎರಡೂಕಾಲು ಅಡಿ. ಅದರಾಚೆ ಎಲ್ಲ ಕನ್ನಡಿ. ತೇಲಿ ಬರುವ ಹುಳುವಿನ ಹೆಜ್ಜೆಗುರುತು ಮೀನಿಗೆ ಮೊದಲು ಕಾಣುತ್ತದೆ. ಹತ್ತಿರ ಬಂದಂತೆ ರೆಕ್ಕೆ ಕಿಟಕಿಯ ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ. ಮೈಯ ಬಣ್ಣ ಕೊನೆಗೆ. ಅಷ್ಟು ಹೊತ್ತಿಗೆ ಮೀನು ಮನಸ್ಸು ಮಾಡಿ ಏರುತ್ತಿರುತ್ತದೆ.

ಈ ಕಾರಣಕ್ಕೇ ನಾನು ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ನೊಣ ನೀರಿನ ಮೇಲೆ ಹೇಗೆ ಕೂರುತ್ತದೆ, ಅದೇ ಎಲ್ಲ. ನೂರಾರು ಬಗೆಯ ಡ್ರೈ ಫ್ಲೈ ಇವೆ. ಕೂರುವ ರೀತಿಯನ್ನು ಮಾತ್ರ ಗಮನಿಸಿದರೆ ನಾಲ್ಕು ಬಗೆ ಸಾಕು. ಆ ನಾಲ್ಕನ್ನು ಚೆನ್ನಾಗಿ ಕಲಿಯಿರಿ.

ನಾಲ್ಕು ಹುಳುಗಳು

ಒಂದು ಮೇಫ್ಲೈ. ಇದರ ಬಾಲ್ಯವೆಲ್ಲ ನೀರಿನೊಳಗೆ. ರೆಕ್ಕೆ ಬಂದ ಮೇಲೆ ಕೆಲವು ಗಂಟೆ, ಹೆಚ್ಚೆಂದರೆ ಒಂದೆರಡು ದಿನದ ಬದುಕು. ರೆಕ್ಕೆ ನೆಟ್ಟಗೆ, ಹಾಯಿದೋಣಿಯ ಹಾಗೆ ನಿಂತಿರುತ್ತದೆ. ಬಾಲದಲ್ಲಿ ಎರಡೋ ಮೂರೋ ಎಳೆ. ನಮ್ಮ ಹಳ್ಳಗಳಲ್ಲೂ ಇದೆ. ಸಂಜೆ ಹಳ್ಳದ ಪಕ್ಕದ ಮನೆಯ ದೀಪಕ್ಕೆ ಬಂದು ಗೋಡೆಯ ಮೇಲೆ ಸುಮ್ನೆ ಕೂರುವ, ಬಾಲದ ಎಳೆ ಉದ್ದ ಇರುವ ಹುಳುವನ್ನು ನೀವೂ ನೋಡಿರುತ್ತೀರಿ. ಈಸಲು ಹುಳುವಿನ ಜೊತೆ ಬಂದರೆ ಗೊತ್ತಾಗದೆ ಹೋಗಬಹುದು, ಅಷ್ಟೆ.

ಎರಡನೆಯದು ಕ್ಯಾಡಿಸ್. ಪತಂಗದಂತೆ ಕಾಣುತ್ತದೆ. ಕೂತಾಗ ರೆಕ್ಕೆ ನಮ್ಮ ಹಳೇ ಮನೆಗಳ ಸೋಗೆ ಮಾಡಿನ ಹಾಗೆ ಎರಡೂ ಕಡೆ ಇಳಿಜಾರು. ಮೇಫ್ಲೈ ನೀರಿನಲ್ಲಿ ಸಮಾಧಾನವಾಗಿ ತೇಲುತ್ತದೆ, ಕ್ಯಾಡಿಸ್ ಚಡಪಡಿಸುತ್ತದೆ.

ಮೂರನೆಯದು ನೊರಜಿನಂಥ ಸಣ್ಣ ಹುಳು. ಗುಂಪಾಗಿ ಹಾರುತ್ತದೆ, ಕೆಲವೊಮ್ಮೆ ನಾಲ್ಕೈದು ಒಟ್ಟಿಗೇ ಅಂಟಿಕೊಂಡು ತೇಲುತ್ತವೆ. ನಾಲ್ಕನೆಯದು ನೆಲದ ಹುಳು. ದಡದ ಮರದಿಂದ ಬಿದ್ದ ಇರುವೆ, ಜೀರುಂಡೆ. ಬೇಸಿಗೆ ಮಧ್ಯಾಹ್ನ ಬೇರೆ ಯಾವ ಹುಳುವೂ ಏಳದಿದ್ದಾಗ ಕಾಪಾಡುವುದು ಇರುವೆಯೇ.

ಸಾಮಾನು

ಗಾಳ ಮಾತ್ರ ಹೊರಗಿನಿಂದ ತರಿಸಲೇಬೇಕು. ಕಾರವಾರದ ಅಂಗಡಿಗಳಲ್ಲಿ ಸಿಗುವುದು ಸಮುದ್ರದ ಮೀನಿಗೆ ಮಾಡಿದ ದಪ್ಪ ತಂತಿಯ ಗಾಳ, ಅದರ ಭಾರಕ್ಕೇ ನೊಣ ಮುಳುಗುತ್ತದೆ. ತೆಳು ತಂತಿಯ ಡ್ರೈ ಫ್ಲೈ ಗಾಳ ಎಂದೇ ಕೇಳಿ. ನಂಬರ್ ಹೆಚ್ಚಾದಷ್ಟು ಗಾಳ ಚಿಕ್ಕದು. ಕಲಿಯಲು 12 ಮತ್ತು 14, ಆಮೇಲೆ 16 ಮತ್ತು 18. ಗಾಳ ಹಿಡಿದುಕೊಳ್ಳಲು ಸಣ್ಣ ವೈಸ್, ನೂಲಿಗೆ ಬಾಬಿನ್, ಚೂಪು ಕತ್ತರಿ ಬೇಕು. ನೂಲು 8/0 ದಪ್ಪದ್ದು, ಹೊಲಿಗೆ ಮಿಷಿನ್ನಿನ ನೂಲಿಗಿಂತ ಬಹಳ ತೆಳು. ಕೊನೆಯ ಗಂಟಿಗೆ ಹಾಕಲು ಬಣ್ಣವಿಲ್ಲದ ನೇಲ್ ಪಾಲಿಶ್ ಸಾಕು.

ಈಗ ಗರಿ. ಬೇಕಾದದ್ದು ಹುಂಜದ ಕುತ್ತಿಗೆಯ ಗರಿ. ಒಂದು ವರ್ಷ ದಾಟಿದ ಊರ ಹುಂಜವೇ ಆಗಬೇಕು. ಫಾರಂ ಕೋಳಿ ಆರೇಳು ವಾರಕ್ಕೇ ಅಂಗಡಿಗೆ ಬರುತ್ತದೆ, ಅದರ ಗರಿ ಇನ್ನೂ ಎಳಸು. ಅಂಗಡಿಯವರಿಗೆ ಹೇಳಿಟ್ಟರೆ ಕುತ್ತಿಗೆಯ ಗರಿ ತೆಗೆದಿಡುತ್ತಾರೆ. ಗರಿ ಕೈಗೆ ಬಂದಾಗ ಬೆಳಕಿಗೆ ಹಿಡಿದು ನೋಡಿ. ನಡುಕಡ್ಡಿಯ ಪಕ್ಕದಲ್ಲಿ ಮಬ್ಬಾದ ಪಟ್ಟಿ ಕಾಣುತ್ತದಲ್ಲ, ಅದು ಮೆತ್ತನೆಯ ಭಾಗ. ನೀರು ಹೀರುವುದು ಅದೇ. ಆ ಪಟ್ಟಿ ಸಣ್ಣದಿದ್ದಷ್ಟೂ ಒಳ್ಳೆಯದು. ಆಮೇಲೆ ಗರಿಯನ್ನು ಬಾಗಿಸಿ, ಎಳೆಗಳು ಬಿಡಿ ಬಿಡಿಯಾಗಿ ನಿಲ್ಲಲಿ. ತುದಿಯನ್ನು ತುಟಿಗೆ ಒತ್ತಿ. ಚುಚ್ಚಿದರೆ ತೇಲುವ ಗರಿ, ನವಿರಾಗಿ ಬಾಗಿದರೆ ಬೇಡ. ವಿದೇಶದಲ್ಲಿ ಇದಕ್ಕೆಂದೇ ಸಾಕುವ ಹುಂಜಗಳಿವೆ, ಅವುಗಳ ಗರಿ ಬಹಳ ಉದ್ದ, ಬಹಳ ಬಿರುಸು. 18ನೇ ನಂಬರಿಗೆ ಅವೇ ಬೇಕು. 12, 14ಕ್ಕೆ ನಮ್ಮ ಹುಂಜ ಸಾಕು.

ಗರಿಯನ್ನು ಸೋಪಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೆಲವು ದಿನ ಫ್ರೀಜರಿನಲ್ಲಿಡಿ, ಹೇನು, ನುಸಿ ಸಾಯುತ್ತವೆ. ನಮ್ಮ ಕಡೆಯ ನಿಜವಾದ ಶತ್ರು ಬೂಷ್ಟು. ಜುಲೈಯಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಗರಿಯನ್ನು ಬಿಡುತ್ತದೆಯೇ? ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಔಷಧಿ ಬಾಟಲಿಗಳಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿಡಿ. ಒಲೆ ಇರುವ ಮನೆಯಾದರೆ ಒಲೆಯ ಮೇಲಿನ ಅಟ್ಟವೂ ಆದೀತು, ಆದರೆ ಹೊಗೆ ವಾಸನೆ ಹಿಡಿಯದ ಹಾಗೆ ಡಬ್ಬಿ ಭದ್ರವಾಗಿರಲಿ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಹಳೆಯ ಇಂಗ್ಲಿಷ್ ನೊಣಗಳಲ್ಲಿ ನಮ್ಮ ಘಟ್ಟದ ಕಾಡುಕೋಳಿಯ ಕುತ್ತಿಗೆ ಗರಿಗೆ ಎಲ್ಲಿಲ್ಲದ ಬೇಡಿಕೆ ಇತ್ತು. ಮೇಣ ಹಚ್ಚಿದ ಹಾಗೆ ಹಳದಿ, ಬಿಳಿ ಚುಕ್ಕೆ ಹೊಳೆಯುವ ಗರಿ ಅದು. ಅದಕ್ಕಾಗಿ ಲೆಕ್ಕವಿಲ್ಲದಷ್ಟು ಕಾಡುಕೋಳಿ ಸತ್ತವು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಈಗ ಅದಕ್ಕಿದೆ. ಯಾರಾದರೂ ತಂದುಕೊಡುತ್ತೇನೆ ಎಂದರೂ ಮುಟ್ಟಬೇಡಿ. ಕಡವೆ, ಚುಕ್ಕೆ ಜಿಂಕೆಯ ಕೂದಲೂ ಅಷ್ಟೆ. ನವಿಲುಗರಿ ತಾನಾಗಿ ಉದುರಿದ್ದು ಮಾತ್ರ. ಬೆಳಗಿನ ಹೊತ್ತು ಬೇಣದಲ್ಲಿ ಕೂಗುವ ಕಾಡುಕೋಳಿಯ ದನಿ ನನ್ನ ಮಟ್ಟಿಗೆ ಯಾವ ಮೀನಿಗಿಂತಲೂ ದೊಡ್ಡದು.

ಇನ್ನು ಹಗ್ಗ. ದೋಣಿಯವರು ಬಳಸುವ ಹಗ್ಗಗಳಲ್ಲಿ ಎರಡು ಜಾತಿ ಮುಖ್ಯ. ಪಾಲಿಪ್ರೊಪಿಲಿನ್ ಹಗ್ಗ ನೀರಿಗಿಂತ ಹಗುರ, ತೇಲುತ್ತದೆ. ನೈಲಾನ್ ಹಗ್ಗ ಮುಳುಗುತ್ತದೆ. ಬಿಚ್ಚಿದ ಎಳೆ ನೋಡಿದರೆ ಎರಡೂ ಒಂದೇ ಥರ. ಮೊದಲ ವರ್ಷ ನನಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ. ಎರಡು ಡಜನ್ ನೊಣ ನೈಲಾನಿನಲ್ಲೇ ಕಟ್ಟಿ ಒಯ್ದೆ. ತೀರ್ಥನ್‌ನಲ್ಲಿ ಮೂರನೇ ಎಸೆತಕ್ಕೆ ಒಂದೊಂದೂ ಮುಳುಗುತ್ತಿತ್ತು. ಕಣ್ಣೆದುರು ಮೀನು ಏಳುತ್ತಿದ್ದರೂ ಮೇಲೆ ನಿಲ್ಲುವ ಒಂದು ನೊಣವಿರಲಿಲ್ಲ. ಈಗ ಪ್ರತಿ ಎಳೆಯನ್ನೂ ಲೋಟದ ನೀರಿಗೆ ಹಾಕಿ, ಬೆರಳಿನಿಂದ ಅದ್ದಿ, ಮತ್ತೆ ಮೇಲೆ ಬಂದರೆ ಮಾತ್ರ ಇಟ್ಟುಕೊಳ್ಳುತ್ತೇನೆ. ನೂಲಿನಷ್ಟು ನಯವಾದ ಎಳೆ ಇರುವ ಬಿಳಿ ಹಗ್ಗ ಆರಿಸಿ. ಒರಟು ಪಟ್ಟಿಯಂಥ ಎಳೆ ಬೇಡ. ಹಳೇ ಬಾಚಣಿಗೆಯಿಂದ ಬಾಚಿದರೆ ರೇಷ್ಮೆಯ ಹಾಗೆ ಬಿಡಿಸಿಕೊಳ್ಳುತ್ತದೆ.

ಮೈಗೆ ಅಕ್ರಿಲಿಕ್ ಸ್ವೆಟರಿನ ನೂಲು. ಹತ್ತಿ ಬೇಡವೇ ಬೇಡ, ನೀರು ಕುಡಿಯುತ್ತದೆ.

ಪ್ಯಾರಾಶೂಟ್ ಆಡಮ್ಸ್, ಬಿಡಿಸಿ ಬಿಡಿಸಿ

ಒಂದೇ ನೊಣ ಕಲಿಯುತ್ತೀರಿ ಎಂದರೆ ಇದನ್ನೇ ಕಲಿಯಿರಿ. ಆಡಮ್ಸ್ ನೊಣವನ್ನು 1922ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಲೆನ್ ಹಾಲಡೆ ಎಂಬವರು ಕಟ್ಟಿದರು, ಸ್ನೇಹಿತ ಚಾರ್ಲ್ಸ್ ಆಡಮ್ಸ್ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಬೂದು ಮೈ, ಕಂದು ಮತ್ತು ಪಟ್ಟೆಯ ಗರಿ. ಯಾವ ಒಂದು ಹುಳುವಿನ ನಕಲೂ ಅಲ್ಲ, ಹತ್ತು ಹುಳುವಿನ ಹಾಗೆ ಕಾಣುತ್ತದೆ. ಪ್ಯಾರಾಶೂಟ್ ರೂಪದಲ್ಲಿ ಗರಿಯನ್ನು ಗಾಳದ ಸುತ್ತ ಸುತ್ತದೆ, ನೆಟ್ಟಗೆ ನಿಂತ ರೆಕ್ಕೆಯ ಬುಡಕ್ಕೆ ಛತ್ರಿಯ ಹಾಗೆ ಸುತ್ತುತ್ತಾರೆ. ಮೈ ನೀರಿಗೆ ತಾಗಿ, ಕಾಲು ಸುತ್ತಲೂ ಹರಡಿ ಕೂರುತ್ತದೆ. ಬೋಗುಣಿಯಲ್ಲಿ ನೋಡಿದ ಕುಳಿಗಳು ನೆನಪಿವೆಯಲ್ಲ? ಅದೇ ಗುರುತು ಬೀಳುತ್ತದೆ. ಬಿಳಿ ರೆಕ್ಕೆ ನಮ್ಮ ಕಣ್ಣಿಗೂ ದೂರದಿಂದ ಕಾಣುತ್ತದೆ.

ಗಾಳ 14ನೇ ನಂಬರ್. ಮೊದಲು ಮೊನೆಯ ಹಿಂದಿರುವ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಈ ಕೆಲಸ ಈಗಲೇ ಮಾಡಿ, ಕಟ್ಟಿದ ಮೇಲೆ ಗಾಳ ಮುರಿದರೆ ಅರ್ಧ ಗಂಟೆಯ ಶ್ರಮ ಹೋಗುತ್ತದೆ.

ಗಾಳವನ್ನು ವೈಸಿಗೆ ಸಿಕ್ಕಿಸಿ. ಗಾಳದ ಕಣ್ಣಿನ, ಅಂದರೆ ದಾರ ಕಟ್ಟುವ ತೂತಿನ, ಹಿಂದಿನಿಂದ ಬಾಗು ಶುರುವಾಗುವ ತನಕ ನೂಲನ್ನು ಒತ್ತಾಗಿ ಸುತ್ತಿ. ಬರಿ ಲೋಹದ ಮೇಲೆ ಏನನ್ನು ಕಟ್ಟಿದರೂ ಜಾರುತ್ತದೆ. ನೂಲಿನ ಬಿಗಿ ನಾನು ಕಲಿತದ್ದು ನಮ್ಮ ಅತ್ತೆ ಅಬ್ಬಲಿಗೆ ಕಟ್ಟುವುದನ್ನು ನೋಡಿ. ಬಾಳೆನಾರು ಹೂವಿನ ತೊಟ್ಟನ್ನು ಕತ್ತರಿಸಬಾರದು, ಹೂ ಉದುರಲೂಬಾರದು. ಅವರ ಬೆರಳಿನಲ್ಲಿ ಆ ನಡುವಿನ ಬಿಗಿ ಇತ್ತು. ಇಲ್ಲೂ ಅಷ್ಟೇ. ಹತ್ತು ಸಲ ನೂಲು ಕಡಿದುಹೋದ ಮೇಲೆ ಎಲ್ಲಿ ನಿಲ್ಲಿಸಬೇಕು ಎಂದು ಬೆರಳಿಗೇ ತಿಳಿಯುತ್ತದೆ.

ನೂಲನ್ನು ಕಣ್ಣಿನಿಂದ ಗಾಳದ ಕಾಲಿನ (ಕಣ್ಣಿನಿಂದ ಬಾಗಿನ ತನಕದ ನೇರ ಭಾಗದ) ಮೂರನೇ ಒಂದು ಭಾಗದಷ್ಟು ಹಿಂದಕ್ಕೆ ತನ್ನಿ. ಹಗ್ಗದ ಎಳೆಗಳ ಕಟ್ಟನ್ನು, ಬೆಂಕಿಕಡ್ಡಿಯಷ್ಟು ದಪ್ಪ, ಗಾಳದ ಅಡಿಯಲ್ಲಿ ಅಡ್ಡ ಇಟ್ಟು ಎರಡೂ ತುದಿ ಮೇಲಕ್ಕೆ ಎಳೆಯಿರಿ. ಹಿಂದೆ ಮುಂದೆ ಕೆಲವು ಸುತ್ತು ಹಾಕಿ ಭದ್ರ ಮಾಡಿ. ಈಗ ಎರಡೂ ತುದಿ ಸೇರಿಸಿ ಹಿಡಿದು, ರೆಕ್ಕೆಯ ಬುಡದ ಸುತ್ತಲೇ ನೂಲು ಸುತ್ತುತ್ತಾ ಎರಡು ಮೂರು ಮಿಲಿಮೀಟರ್ ಮೇಲೇರಿ, ಮತ್ತೆ ಇಳಿಯಿರಿ. ಈ ರೆಕ್ಕೆಯ ಕಂಬ ನೆಟ್ಟಗೆ ನಿಲ್ಲಬೇಕು. ಬೆರಳಿನಿಂದ ತಟ್ಟಿದರೆ ವಾಲಬಾರದು. ಮುಂದಿನದೆಲ್ಲ ಈ ಕಂಬದ ಮೇಲೆ ನಿಂತಿದೆ, ಆದ್ದರಿಂದ ಇಲ್ಲಿ ಅವಸರ ಮಾಡಬೇಡಿ. ಸರಿ ಬರದಿದ್ದರೆ ಬಿಚ್ಚಿ ಮತ್ತೆ ಕಟ್ಟಿ.

ನೂಲನ್ನು ಬಾಗಿನ ಕಡೆ ಒಯ್ಯಿರಿ. ಹುಂಜದ ಗರಿಯಿಂದ ಎಂಟು ಹತ್ತು ಬಿರುಸಾದ ಎಳೆ ಕಿತ್ತು, ತುದಿ ಸಮ ಮಾಡಿ, ಬಾಲವಾಗಿ ಕಟ್ಟಿ. ಉದ್ದ ಗಾಳದ ಕಾಲಿನಷ್ಟೇ. ಬಾಲ ಗಿಡ್ಡವಾದರೆ ನೊಣ ಹಿಂದಕ್ಕೆ ಕುಸಿಯುತ್ತದೆ. ಬಾಲ ಕಟ್ಟಿದ ಕೊನೆಯ ಸುತ್ತನ್ನು ಮೆಲ್ಲಗೆ ಹಾಕಿ, ಬಿಗಿ ಮಾಡಿದರೆ ಎಳೆಗಳು ಕೆದರಿ ನಿಲ್ಲುತ್ತವೆ.

ಸುತ್ತುವ ಗರಿ ಆರಿಸುವಾಗ ಎಳೆಯ ಉದ್ದವನ್ನು ಗಾಳದ ಬಾಯಗಲಕ್ಕೆ, ಅಂದರೆ ಮೊನೆಗೂ ಕಾಲಿಗೂ ನಡುವಿನ ಅಂತರಕ್ಕೆ, ಹೋಲಿಸಿ. ಅದರ ಒಂದೂವರೆಯಿಂದ ಎರಡರಷ್ಟು ಇರಲಿ. ಬುಡದ ಮೆತ್ತನೆಯ ಎಳೆಗಳನ್ನು ಕಿತ್ತು ಹಾಕಿ. ಬರಿ ಕಡ್ಡಿಯನ್ನು ಕಂಬದ ಪಕ್ಕ ನಿಲ್ಲಿಸಿ ಕಂಬಕ್ಕೇ ಸೇರಿಸಿ ಕಟ್ಟಿ. ಗರಿಯ ಹೊಳಪಿನ ಮುಖ ಮೇಲೆ, ಮಂಕು ಮುಖ ಕೆಳಗೆ ಬರುವ ಹಾಗೆ ನೋಡಿಕೊಳ್ಳಿ. ಮೂಲ ಆಡಮ್ಸ್‌ಗೆ ಕಂದು ಒಂದು, ಬೂದು ಪಟ್ಟೆಯದು ಒಂದು ಗರಿ ಬೇಕು. ಪಟ್ಟೆಯ ಹುಂಜ ನಮ್ಮಲ್ಲಿ ಅಪರೂಪ. ಕೆಂಪು ಹುಂಜದ್ದೊಂದೇ ಹಾಕಿ, ನಾನು ಹಾಗೇ ಮಾಡುವುದು. ಮೀನು ಬಂದಿದೆ.

ಈಗ ಮೈ. ಸ್ವೆಟರಿನ ನೂಲನ್ನು ಸಣ್ಣಗೆ ಕತ್ತರಿಸಿ ಬೆರಳಲ್ಲಿ ಉಜ್ಜಿ ಹಿಂಜಿ. ಚಿಟಿಕೆಯಷ್ಟನ್ನು ಕಟ್ಟುವ ನೂಲಿಗೆ ಹಚ್ಚಿ ದೀಪದ ಬತ್ತಿ ಹೊಸೆದ ಹಾಗೆ ಒಂದೇ ದಿಕ್ಕಿನಲ್ಲಿ ಹೊಸೆಯಿರಿ. ಎಲ್ಲರೂ ಮಾಡುವ ತಪ್ಪು ಜಾಸ್ತಿ ಹಚ್ಚುವುದು. ಹಚ್ಚಿದ್ದೇ ಕಾಣುತ್ತಿಲ್ಲ ಅನ್ನಿಸುವಷ್ಟು ಕಡಿಮೆ ಇರಲಿ. ಬಾಲದ ಬುಡದಿಂದ ಸುತ್ತುತ್ತಾ ಬನ್ನಿ. ಹಿಂದೆ ತೆಳು, ಕಂಬದ ಹತ್ತಿರ ದಪ್ಪ. ಕಂಬ ದಾಟಿ ಮುಂದೆಯೂ ಒಂದೆರಡು ಸುತ್ತು. ಕಣ್ಣಿನ ಹಿಂದೆ ಒಂದು ಮಿಲಿಮೀಟರ್ ಖಾಲಿ ಬಿಡಲೇಬೇಕು. ಗಂಟು ಹಾಕಲು ಜಾಗವಿಲ್ಲದೆ ಪೇಚಾಡದ ಹೊಸಬರನ್ನು ನಾನು ನೋಡಿಲ್ಲ.

ಗರಿಯ ತುದಿಯನ್ನು ಸಣ್ಣ ಕ್ಲಿಪ್‌ನಲ್ಲಿ ಹಿಡಿದು ಕಂಬದ ಸುತ್ತ ಸುತ್ತಿ. ಮೊದಲ ಸುತ್ತು ಎಲ್ಲಕ್ಕಿಂತ ಮೇಲೆ, ಮುಂದಿನದು ಅದರ ಕೆಳಗೆ, ಹೀಗೆ ಇಳಿಯುತ್ತಾ ಬನ್ನಿ. ನಾಲ್ಕೈದು ಸುತ್ತು ಸಾಕು. ಕೆಳಗಿನ ಸುತ್ತು ಮೇಲಿನದನ್ನು ಎತ್ತಿ ಹಿಡಿಯುತ್ತದೆ, ಅದಕ್ಕೇ ಈ ಕ್ರಮ. ತುದಿಯನ್ನು ಕಣ್ಣಿನ ಹಿಂದೆ ತಂದು, ಎಡಗೈ ಬೆರಳಿನಿಂದ ಎಳೆಗಳನ್ನೆಲ್ಲ ಮೇಲಕ್ಕೆ ಎತ್ತಿ ಹಿಡಿದು, ಮೂರು ನಾಲ್ಕು ಸುತ್ತು ಕಟ್ಟಿ ಕತ್ತರಿಸಿ.

ಕೊನೆಯ ಗಂಟು ಹಾಕುವ ಉಪಕರಣ ಇಲ್ಲದಿದ್ದರೆ ಖಾಲಿ ಬಾಲ್‌ಪೆನ್ನಿನ ರೀಫಿಲ್ ನಳಿಕೆಗೆ ನೂಲಿನ ಕುಣಿಕೆ ಸುತ್ತಿ, ನಳಿಕೆಯ ಬಾಯನ್ನು ಗಾಳದ ಕಣ್ಣಿಗೆ ಒತ್ತಿ, ಕುಣಿಕೆಯನ್ನು ಜಾರಿಸಿ ಬಿಗಿಯಿರಿ. ಇಂಥ ಮೂರು ನಾಲ್ಕು ಕುಣಿಕೆ. ಸೂಜಿಮೊನೆಯಲ್ಲಿ ಒಂದು ತೊಟ್ಟು ನೇಲ್ ಪಾಲಿಶ್. ಕಣ್ಣು ಮುಚ್ಚಿಹೋಗದಿರಲಿ. ಕಂಬವನ್ನು ಗಾಳದ ಕಾಲಿನಷ್ಟು ಉದ್ದಕ್ಕೆ ಕತ್ತರಿಸಿ.

ಈಗ ಮತ್ತೆ ಬೋಗುಣಿ. ಒಂದು ಅಡಿ ಎತ್ತರದಿಂದ ನೊಣವನ್ನು ನೀರಿಗೆ ಬಿಡಿ. ಹತ್ತಕ್ಕೆ ಒಂಬತ್ತು ಸಲ ರೆಕ್ಕೆ ಮೇಲಾಗಿ ಕೂತರೆ ಪಾಸು. ಮಗ್ಗುಲಾದರೆ ಕಂಬ ಉದ್ದವಾಗಿದೆ ಅಥವಾ ಗರಿ ಒಂದು ಕಡೆ ವಾಲಿದೆ. ನಾನು ಕಟ್ಟಿದ ಪ್ರತಿಯೊಂದನ್ನೂ ಹೀಗೆ ಬಿಟ್ಟು ನೋಡಿಯೇ ಡಬ್ಬಿಗೆ ಹಾಕುತ್ತೇನೆ.

ಉಳಿದ ಮೂರು

ಕ್ಯಾಡಿಸ್‌ಗೆ ಪ್ರಪಂಚದಲ್ಲೆಲ್ಲ ಬಳಸುವುದು ಎಲ್ಕ್ ಹೇರ್ ಕ್ಯಾಡಿಸ್, ಅಲ್ ಟ್ರೋತ್ 1957ರಲ್ಲಿ ರೂಪಿಸಿದ್ದು. ಅದಕ್ಕೆ ಎಲ್ಕ್ ಜಿಂಕೆಯ ಕೂದಲು ಬೇಕು. ನಾನು ಅದರ ಬದಲು ಹಗ್ಗದ ಎಳೆಯನ್ನೇ ಮಾಡಿನಂತೆ ಹಾಕುತ್ತೇನೆ. ಬಾಲವಿಲ್ಲ. ಕಂದು ನೂಲಿನ ಮೈ, ಅದರ ಮೇಲೆ ಹಿಂದಿನಿಂದ ಮುಂದಿನ ತನಕ ಬಿಡಿಬಿಡಿಯಾಗಿ ಸುತ್ತಿದ ಗರಿ. ಮೇಲ್ಭಾಗದ ಎಳೆಗಳನ್ನು ಕತ್ತರಿಯಿಂದ ಸವರಿ, ಹಗ್ಗದ ಎಳೆಯ ತೆಳು ಕಟ್ಟನ್ನು ಕಣ್ಣಿನ ಹಿಂದೆ ಕಟ್ಟಿ, ಬೆನ್ನ ಮೇಲೆ ಹಿಂದಕ್ಕೆ ಬಿಡಿ. ಗಾಳದ ಬಾಗಿಗಿಂತ ಸ್ವಲ್ಪವೇ ಆಚೆಗೆ ಕತ್ತರಿಸಿ. ಬಿಳಿ ಎಳೆಗೆ ಚಹಾ ಬಣ್ಣ ಹತ್ತುವುದಿಲ್ಲ, ಪಾಲಿಪ್ರೊಪಿಲಿನ್ ಯಾವ ಬಣ್ಣವನ್ನೂ ಸುಲಭಕ್ಕೆ ಹಿಡಿಯುವುದಿಲ್ಲ. ಕಂದು ಬೇಕೆಂದರೆ ಪರ್ಮನೆಂಟ್ ಮಾರ್ಕರ್ ಉಜ್ಜಿ. 14 ಮತ್ತು 16ನೇ ನಂಬರ್.

ನೊರಜಿಗೆ ಗ್ರಿಫಿತ್ಸ್ ನ್ಯಾಟ್ ಎಂಬ ನೊಣ. ಎರಡೇ ವಸ್ತು. ಉದುರಿದ ನವಿಲುಗರಿಯ ಎರಡು ಎಳೆಯನ್ನು ನೂಲಿನ ಜೊತೆ ಹೊಸೆದು ಮೈ ಸುತ್ತಿ. ಹೊಸೆಯದೆ ಸುತ್ತಿದರೆ ಮೊದಲ ಮೀನಿನ ಹಲ್ಲಿಗೇ ಹರಿಯುತ್ತದೆ. ಅದರ ಮೇಲೆ ಸಣ್ಣ ಗರಿಯನ್ನು ಉದ್ದಕ್ಕೂ ಸುತ್ತಿ. 18ನೇ ನಂಬರ್. ಮೊದಲ ನೊಣವಾಗಿ ಇದನ್ನೇ 14ರಲ್ಲಿ ಕಟ್ಟಿದರೆ ಕೈ ಪಳಗುತ್ತದೆ, ಬೇಗ ಧೈರ್ಯವೂ ಬರುತ್ತದೆ.

ಇರುವೆಗೆ ಸ್ಟೇಶನರಿ ಅಂಗಡಿಯ ಕಪ್ಪು ಫೋಮ್ ಹಾಳೆ, 2 ಮಿಲಿಮೀಟರ್ ದಪ್ಪದ್ದು. ಅದರಿಂದ ಕಿರಿದಾದ ಪಟ್ಟಿ ಕತ್ತರಿಸಿ, ಹಿಂದೊಂದು ಗುಬ್ಬಿ, ಮುಂದೊಂದು ಗುಬ್ಬಿ ಬರುವಂತೆ ಕಟ್ಟಿ. ನಡು ಮಾತ್ರ ಸಣ್ಣಗಿರಲಿ. ಸಂದೇಹವಿದ್ದರೆ ಮರದ ಮೇಲಿನ ಒಂದು ಚಗಳಿಯನ್ನು ಹತ್ತಿರದಿಂದ ನೋಡಿ, ಸೊಂಟ ಎಷ್ಟು ಸಣ್ಣ ಎಂದು ತಿಳಿಯುತ್ತದೆ. ಆ ಸೊಂಟದಲ್ಲಿ ಗರಿಯ ಎರಡೇ ಸುತ್ತು. ಬೆನ್ನ ಮೇಲೆ ಕಿತ್ತಳೆ ನೇಲ್ ಪಾಲಿಶಿನ ಚುಕ್ಕೆ ಇಟ್ಟರೆ ನೀರಿನಲ್ಲಿ ನಮಗೆ ಕಾಣುತ್ತದೆ.

ಅಂಗಳದಲ್ಲಿ ಎಸೆತ

ಈ ನೊಣಕ್ಕೆ ತೂಕವೇ ಇಲ್ಲ. ದೂರ ಹೋಗುವುದು ದಾರದ ತೂಕದಿಂದ. ಅದಕ್ಕೇ ಫ್ಲೈ ಲೈನ್ ದಪ್ಪ. ಕಲಿಯುವವರಿಗೆ ಎಂಟೂವರೆಯಿಂದ ಒಂಬತ್ತು ಅಡಿಯ, 4 ಅಥವಾ 5ನೇ ತೂಕದ ಕೋಲು, ಅದೇ ನಂಬರಿನ ತೇಲುವ ಲೈನ್. ಲೈನಿನ ತುದಿಗೆ ಒಂಬತ್ತು ಅಡಿಯ, ಸಪುರವಾಗುತ್ತಾ ಹೋಗುವ ದಾರ, ಅದಕ್ಕೆ ಲೀಡರ್ ಎನ್ನುತ್ತಾರೆ. ಅದರ ತುದಿದಾರದ ದಪ್ಪ ಎಷ್ಟಿರಬೇಕು? ಗಾಳದ ನಂಬರನ್ನು ಮೂರರಿಂದ ಭಾಗಿಸಿ. 14ಕ್ಕೆ ಸುಮಾರು 5 ಎಕ್ಸ್, 12ಕ್ಕೆ 4 ಎಕ್ಸ್. ಎಕ್ಸ್ ಎಂದರೆ ದಾರದ ದಪ್ಪದ ನಂಬರ್, ಹೆಚ್ಚಾದಷ್ಟು ತೆಳು.

ಅಭ್ಯಾಸಕ್ಕೆ ಅಕ್ಟೋಬರ್ ಒಳ್ಳೆಯದು. ಮಳೆ ಬಿಟ್ಟಿರುತ್ತದೆ, ಅಂಗಳದಲ್ಲಿ ಅಡಿಕೆ ಇನ್ನೂ ಹರಡಿರುವುದಿಲ್ಲ. ಮೂವತ್ತು ಅಡಿ ದೂರದಲ್ಲಿ ಒಂದು ಮೊರ ಇಡಿ. ತುದಿಗೆ ಗಾಳ ಬೇಡ, ನೂಲಿನ ತುಣುಕು ಕಟ್ಟಿ. ಕೋಲನ್ನು ಹಿಂದಕ್ಕೆ ತಂದು ತಲೆಯಿಂದ ಸ್ವಲ್ಪವೇ ಹಿಂದೆ ತಟ್ಟನೆ ನಿಲ್ಲಿಸಿ. ದಾರ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಿರಿ. ಆಮೇಲೆ ಮುಂದೆ. ಕಾಯುವುದೇ ಕಷ್ಟ. ತಿರುಗಿ ನೋಡಿದರೆ ತಪ್ಪೇನಿಲ್ಲ, ನೋಡಿ ನೋಡಿಯೇ ಕಲಿಯುವುದು. ಮೊರದ ಒಳಗೆ ನೂಲು ಸದ್ದಿಲ್ಲದೆ ಇಳಿದರೆ ಆಯಿತು. ದಿನಕ್ಕೆ ಇಪ್ಪತ್ತು ನಿಮಿಷ, ಒಂದು ತಿಂಗಳು.

ಮನೆಯ ಹತ್ತಿರದ ಹಳ್ಳದಲ್ಲೂ ಕಲಿಯಬಹುದು. ಮೈಯುದ್ದಕ್ಕೂ ನೀಲಿ, ಹಳದಿ ಗೆರೆ ಇರುವ ಸಣ್ಣ ಮೀನುಗಳು ನೀರಿನ ಮೇಲೆ ಬಿದ್ದ ಇರುವೆಗೆ ಹಾರಿ ಬರುತ್ತವೆ. 18ನೇ ನಂಬರಿನ ಮುಳ್ಳಿಲ್ಲದ ಇರುವೆ ಹಾಕಿ, ಹಿಡಿದದ್ದನ್ನು ನೀರಿನಲ್ಲೇ ಬಿಟ್ಟುಬಿಡಿ. ದೇವಸ್ಥಾನದ ಹತ್ತಿರ ಜನ ಅಕ್ಕಿ ಹಾಕುವ ಹೊಂಡಗಳಲ್ಲಿ ಮಾತ್ರ ಕೋಲು ಹಿಡಿದು ನಿಲ್ಲಬೇಡಿ.

ತೀರ್ಥನ್ ದಡದಲ್ಲಿ

ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ, ಅದು ಮೊಟ್ಟೆ ಇಡುವ ಕಾಲ. ಉಳಿದ ಸಮಯದಲ್ಲೂ ಮೀನುಗಾರಿಕೆ ಇಲಾಖೆಯ ಪರ್ಮಿಟ್ ಬೇಕು. ಮಾರ್ಚ್, ಏಪ್ರಿಲ್ ಚೆನ್ನ. ಆಮೇಲೆ ಹಿಮ ಕರಗಿ ನೀರು ಏರುತ್ತದೆ, ಜುಲೈ ಆಗಸ್ಟಿನಲ್ಲಿ ಕೆಸರು. ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರಿನಲ್ಲಿ ಹೊಳೆ ಮತ್ತೆ ತಿಳಿಯಾಗುತ್ತದೆ.

ದಡಕ್ಕೆ ಹೋದ ಕೂಡಲೇ ಎಸೆಯಬೇಡಿ. ಹದಿನೈದು ನಿಮಿಷ ಬಂಡೆಯ ಮೇಲೆ ಕೂತು ನೀರು ನೋಡಿ. ಮೀನು ಎದ್ದಾಗ ಮೂಡುವ ಉಂಗುರ ಬಹಳ ಹೇಳುತ್ತದೆ. ಸದ್ದಿಲ್ಲದ ಸಣ್ಣ ಉಂಗುರ, ನಡುವೆ ಒಂದು ಗುಳ್ಳೆ ಉಳಿದಿದೆ ಎಂದರೆ ಮೇಲಿನಿಂದಲೇ ಹುಳು ಹೀರಿದೆ. ಗಾಳಿಯನ್ನೂ ನುಂಗಿದ್ದರಿಂದ ಗುಳ್ಳೆ. ಆಗ ಆಡಮ್ಸ್ ಅಥವಾ ನೊರಜು. ನೀರು ಚಿಮ್ಮಿದರೆ ಓಡುವ ಹುಳುವನ್ನು ಅಟ್ಟಿದೆ, ಕ್ಯಾಡಿಸ್ ಹಾಕಿ. ನೀರು ಉಬ್ಬಿ ಇಳಿಯಿತು, ಗುಳ್ಳೆ ಇಲ್ಲ ಎಂದರೆ ಅದು ಕೆಳಗೇ ತಿನ್ನುತ್ತಿದೆ. ಡ್ರೈ ಫ್ಲೈಗೆ ಆಗ ಬೆಲೆಯಿಲ್ಲ, ಕಾಯಿರಿ. ಏನೂ ಏಳುತ್ತಿಲ್ಲ, ಬಿಸಿಲು ಏರಿದೆ ಎಂದರೆ ಮರದ ನೆರಳಿನ ಅಂಚಿಗೆ ಇರುವೆ.

ಮೀನು ಹರಿವಿಗೆ ಎದುರಾಗಿ ನಿಲ್ಲುತ್ತದೆ. ಆದ್ದರಿಂದ ಹಿಂದಿನಿಂದ, ಹೊಳೆಯ ಕೆಳಗಿನಿಂದ ಮೇಲಕ್ಕೆ, ಬಗ್ಗಿಕೊಂಡು ಹೋಗಿ. ಉಂಗುರ ಕಂಡ ಜಾಗಕ್ಕೆ ಎಸೆಯದೆ ಅದರಿಂದ ಮೂರು ನಾಲ್ಕು ಅಡಿ ಮೇಲಕ್ಕೆ ಎಸೆಯಿರಿ, ನೊಣ ತೇಲಿಕೊಂಡು ಬರಲಿ. ನೊಣದ ಹಿಂದೆ ಸಣ್ಣ ಗೀರು ಎದ್ದರೆ ದಾರ ಅದನ್ನು ಎಳೆಯುತ್ತಿದೆ ಎಂದರ್ಥ. ಯಾವ ಹುಳುವೂ ಹಾಗೆ ತೇಲುವುದಿಲ್ಲ, ಮೀನಿಗೆ ಅದು ಗೊತ್ತು. ಟ್ರೌಟ್ ಬರದಿರಲು ಮುಖ್ಯ ಕಾರಣ ಇದೇ, ನೊಣದ ಬಗೆಯಲ್ಲ. ದಾರ ನೀರಿಗೆ ಬಿದ್ದ ಕೂಡಲೇ ಕೋಲಿನ ತುದಿಯಿಂದ ದಾರದ ನಡುಭಾಗವನ್ನು ಹೊಳೆಯ ಮೇಲಿನ ಕಡೆಗೆ ಮಗುಚಿ. ಎರಡು ಹರಿವಿನ ನಡುವೆ ಅಡ್ಡ ಎಸೆಯುವ ಬದಲು ನೀವೇ ಎರಡು ಹೆಜ್ಜೆ ಸರಿದು ನಿಂತರೆ ಎಷ್ಟೋ ಸಲ ಕೆಲಸ ಸುಲಭ.

ನೊಣಕ್ಕೆ ಮೊದಲೇ ಚೂರು ವ್ಯಾಸಲಿನ್ ಬೆರಳಲ್ಲಿ ಕರಗಿಸಿ ಹಚ್ಚಿ, ಕಂಡೂ ಕಾಣದಷ್ಟು. ಮೀನು ಹಿಡಿದ ಮೇಲೆ ಲೋಳೆ ಅಂಟಿರುತ್ತದೆ. ನೀರಲ್ಲಿ ತೊಳೆದು, ಕಾಗದದ ಕರವಸ್ತ್ರದಲ್ಲಿ ಒತ್ತಿ ಒಣಗಿಸಿ, ಮತ್ತೆ ಹಚ್ಚಿ.

ಮೀನು ಬಾಯಿ ತೆರೆದು ನೊಣ ಮಾಯವಾದಾಗ ಕೈ ತಾನಾಗಿ ಎಳೆಯಲು ಹೋಗುತ್ತದೆ. ತಡೆಯಿರಿ. ಅದು ಬಾಯಿ ಮುಚ್ಚಿ ಕೆಳಗೆ ತಿರುಗಲಿ. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಕೋಲನ್ನು ಸುಮ್ನೆ ಎತ್ತಿ, ಜಗ್ಗಬೇಡಿ. 5 ಎಕ್ಸ್ ದಾರಕ್ಕೆ ಜಗ್ಗುವ ಶಕ್ತಿ ಇಲ್ಲ.

ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಒಣ ಕೈಗೆ ಅದರ ಮೈಲೋಳೆ ಕಿತ್ತುಬರುತ್ತದೆ. ಮುಳ್ಳು ಒತ್ತಿದ ಗಾಳ ಒಂದು ಬೆರಳಿನ ತಿರುವಿಗೆ ಬಿಡುತ್ತದೆ. ತಲೆಯನ್ನು ಹರಿವಿನ ಕಡೆ ಮಾಡಿ ನೀರಿನಲ್ಲೇ ಹಿಡಿದಿರಿ. ಕಿವಿರು ಸರಿಯಾಗಿ ಆಡತೊಡಗಿದ ಮೇಲೆ ಅದು ತಾನೇ ಕೈಯಿಂದ ಜಾರಿಕೊಂಡು, ಕೆಂಪು ಚುಕ್ಕೆಗಳನ್ನು ಒಮ್ಮೆ ತೋರಿಸಿ, ಬಂಡೆಯ ಕೆಳಗೆ ಹೋಗುತ್ತದೆ.